ಸಸಿಮಡಿ ಕಟ್ಟಿದ ಸಂತರು
ಗುರುಮಠಗಳ ಪೋಷಕ ಸಂತ ಚಾರ್ಲ್ಸ್ ಬೊರೋಮಿಯೊ ಅವರ ಜೀವನ ಚರಿತ್ರೆ



ಬೆಟ್ಟ ಹತ್ತಿ ಬಂದವರು ಕಚೇರಿಯಲ್ಲಿ ಮೊದಲು ವಿಚಾರಿಸುವುದು ಪೂಜೆ ಎಷ್ಟು ಗಂಟೆಗೆ ಅಂತ. ಆಮೇಲೆ ಕೇಳುವುದು ಪಾಪನಿವೇದನೆಗೆ ಸ್ವಾಮಿಯವರು ಸಿಗುತ್ತಾರಾ ಅಂತ. ಆ ಸ್ವಾಮಿಯವರಿಗೆ ಪೂಜೆ ಒಪ್ಪಿಸಲು ಬರುತ್ತದೋ ಇಲ್ಲವೋ, ಶುಭಸಂದೇಶವನ್ನು ವಿವರಿಸಿ ಹೇಳಲು ಬರುತ್ತದೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ಬಂದೇ ಬರುತ್ತದೆ ಅಂತ ನಾವೆಲ್ಲ ನಂಬಿದ್ದೇವೆ. ಈ ನಂಬಿಕೆ ಸುಮ್ಮನೆ ಬಂದದ್ದಲ್ಲ. ಸುಮಾರು ನಾಲ್ಕೂವರೆ ಶತಮಾನದ ಹಿಂದೆ ಇಂಥ ಭರವಸೆ ಜನರಿಗೆ ಇರಲಿಲ್ಲ. ಆ ಭರವಸೆಯನ್ನು ಕಟ್ಟಿಕೊಟ್ಟವರಲ್ಲಿ ಮುಖ್ಯರಾದವರು ಇಟಲಿ ದೇಶದ ಮಿಲಾನ್ ನಗರದ ಮಹಾಧರ್ಮಾಧ್ಯಕ್ಷರಾಗಿದ್ದ ಸಂತ ಚಾರ್ಲ್ಸ್ ಬೊರೋಮಿಯೊ. ಅವರ ಚರಿತ್ರೆಯನ್ನು ನಮಗೆ ತಿಳಿದ ಮಟ್ಟಿಗೆ ಇಲ್ಲಿ ಬರೆದಿದೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಇಟಲಿಯ ಉತ್ತರಕ್ಕೆ ಆಲ್ಪ್ಸ್ ಪರ್ವತಗಳ ಬುಡದಲ್ಲಿ ಮಜ್ಜೋರೆ ಎಂಬ ದೊಡ್ಡ ಸರೋವರವಿದೆ. ಅದರ ದಡದಲ್ಲಿರುವ ಅರೋನಾ ಎಂಬ ಊರಿನ ಕೋಟೆಯಲ್ಲಿ 1538ನೇ ಇಸವಿ ಅಕ್ಟೋಬರ್ 2ರಂದು ಚಾರ್ಲ್ಸ್ ಹುಟ್ಟಿದರು. ತಂದೆ ಗಿಲ್ಬೆರ್ತೊ ಆ ಸೀಮೆಯ ದೊಡ್ಡ ಜಹಗೀರುದಾರರು, ಆದರೂ ಬಹಳ ದೈವಭಕ್ತರು. ತಾಯಿ ಮಾರ್ಗರೀತಾ. ಚಾರ್ಲ್ಸ್ ಇನ್ನೂ ಚಿಕ್ಕ ಹುಡುಗನಾಗಿದ್ದಾಗಲೇ ತಾಯಿ ತೀರಿಕೊಂಡರು.

ಆಗಿನ ಕಾಲದಲ್ಲಿ ಶ್ರೀಮಂತರ ಮನೆಯಲ್ಲಿ ಒಂದು ಪದ್ಧತಿ ಇತ್ತು. ಹಿರಿಯ ಮಗ ಆಸ್ತಿ ನೋಡಿಕೊಳ್ಳುವುದು, ಕಿರಿಯ ಮಗನನ್ನು ಧರ್ಮಸಭೆಗೆ ಬಿಡುವುದು. ಮಠ ಮಂದಿರಗಳಿಗೆ ಸೇರಿದ ಜಮೀನಿನ ಆದಾಯ ಉಂಬಳಿಯ ಹಾಗೆ ಮನೆತನದ ಒಳಗೇ ಒಬ್ಬರಿಂದ ಒಬ್ಬರಿಗೆ ಹೋಗುತ್ತಿತ್ತು. ಹಾಗೆಯೇ 12 ವರ್ಷದ ಚಾರ್ಲ್ಸ್‌ಗೆ ಅರೋನಾದ ಒಂದು ಮಠದ ಅಧಿಪತಿ ಅನ್ನುವ ಪಟ್ಟ ಚಿಕ್ಕಪ್ಪನ ಕಡೆಯಿಂದ ಬಂತು. ಹುಡುಗನಿಗೆ ಮಠದ ಕೆಲಸ ಏನೂ ಗೊತ್ತಿಲ್ಲ, ಆದರೆ ಆದಾಯ ಮಾತ್ರ ಅವನದು. ಈ ಹುಡುಗ ಮಾತ್ರ ಅಷ್ಟು ಚಿಕ್ಕ ವಯಸ್ಸಿನಲ್ಲೇ, ಆ ಹಣ ಬಡವರದು, ಮನೆಯ ಖರ್ಚಿಗೆ ಸೇರಿಸಬಾರದು ಎಂದು ತಂದೆಗೆ ತಿಳಿಸಿದನಂತೆ.

ಚಾರ್ಲ್ಸ್ ಪವೀಯಾ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿದರು. ಅವರಿಗೆ ಮಾತು ತೊದಲುತ್ತಿತ್ತು. ಹಾಗಾಗಿ ನೋಡಿದವರು ಈ ಹುಡುಗ ಸ್ವಲ್ಪ ಮಂದ ಅಂತ ತಿಳಿಯುತ್ತಿದ್ದರು. ಆದರೆ ಹಿಡಿದ ಕೆಲಸವನ್ನು ಬಿಡುವ ಸ್ವಭಾವ ಅವರದಲ್ಲ. 1558ರಲ್ಲಿ ತಂದೆ ತೀರಿಕೊಂಡಾಗ ಮನೆತನದ ವ್ಯವಹಾರವನ್ನೆಲ್ಲ ನೋಡಿಕೊಂಡು, ಮತ್ತೆ ಹೋಗಿ ಓದು ಮುಗಿಸಿ, 1559ರಲ್ಲಿ ಡಾಕ್ಟರೇಟ್ ಪಡೆದರು.

ರೋಮಿನಿಂದ ಕರೆ

ಅದೇ 1559ರ ಕ್ರಿಸ್‌ಮಸ್ ದಿನ ಚಾರ್ಲ್ಸರ ಸೋದರಮಾವ ಜಗದ್ಗುರುಗಳಾಗಿ ಆಯ್ಕೆಯಾದರು. ಅವರೇ ನಾಲ್ಕನೇ ಪಯಸ್. ಅಕ್ಕನ ಮಗನನ್ನೋ ತಂಗಿಯ ಮಗನನ್ನೋ ದೊಡ್ಡ ಪದವಿಗೆ ತರುವುದು ಆಗ ಮಾಮೂಲು. ಚಾರ್ಲ್ಸರನ್ನು ರೋಮಿಗೆ ಕರೆಸಿಕೊಂಡು 1560ರ ಜನವರಿ 31ರಂದು ಕಾರ್ಡಿನಲ್ ಮಾಡಿದರು. ಮುಂದಿನ ತಿಂಗಳೇ ಮಿಲಾನ್ ಮಹಾಧರ್ಮಕ್ಷೇತ್ರದ ಆಡಳಿತವನ್ನೂ ಕೊಟ್ಟರು. ಆಗ ಅವರಿಗೆ 21 ವರ್ಷ. ಗುರುದೀಕ್ಷೆಯೂ ಆಗಿರಲಿಲ್ಲ. ಮಿಲಾನಿನ ಜನ ಅವರ ಮುಖವನ್ನೂ ನೋಡಿರಲಿಲ್ಲ.

ಇಲ್ಲಿ ಒಂದು ಮಾತು ಗಮನಿಸಬೇಕು. ಯಾವ ರೋಗದಿಂದ ಆಗ ಧರ್ಮಸಭೆ ನರಳುತ್ತಿತ್ತೋ ಅದೇ ದಾರಿಯಲ್ಲಿ ಚಾರ್ಲ್ಸರು ಮೇಲೆ ಬಂದರು. ತರಬೇತಿ ಇಲ್ಲ, ದೀಕ್ಷೆ ಇಲ್ಲ, ಬಂಧುತ್ವದ ಬಲದಿಂದ ಪದವಿ ಸಿಕ್ಕಿತು. ಆದರೆ ಸಿಕ್ಕಿದ ಪದವಿಯನ್ನು ಅನುಭವಿಸಿಕೊಂಡು ಸುಖವಾಗಿ ಇರಲಿಲ್ಲ. ಅದಕ್ಕೆ ತಕ್ಕವರಾಗಲು ಜೀವಮಾನವೆಲ್ಲ ದುಡಿದರು. ತಮಗೆ ಸಿಕ್ಕ ಹಾಗೆ ಸುಲಭವಾಗಿ ಇನ್ನೊಬ್ಬರಿಗೆ ಸಿಗಬಾರದು, ಕಲಿತು ಯೋಗ್ಯರಾದವರಿಗೆ ಮಾತ್ರ ಸಿಗಬೇಕು ಎಂದು ವ್ಯವಸ್ಥೆ ಮಾಡಿದರು. ದೇವರ ಕೃಪೆ ಹೇಗೆ ಕೆಲಸ ಮಾಡುತ್ತದೆ ಅನ್ನುವುದಕ್ಕೆ ಇದೇ ಸಾಕ್ಷಿ.

1562ರ ನವೆಂಬರಿನಲ್ಲಿ ಅಣ್ಣ ಫೆಡೆರಿಕೊ ಹಠಾತ್ತನೆ ತೀರಿಕೊಂಡರು. ಮನೆತನಕ್ಕೆ ಉಳಿದವರು ಚಾರ್ಲ್ಸ್ ಒಬ್ಬರೇ ಗಂಡುಮಗ. ಇನ್ನು ಇವರು ಧರ್ಮಸಭೆಯ ಪದವಿ ಬಿಟ್ಟು ಮದುವೆಯಾಗಿ ವಂಶ ಉಳಿಸುತ್ತಾರೆ ಅಂತ ಎಲ್ಲರೂ ಎಣಿಸಿದರು. ಚಾರ್ಲ್ಸರು ಯೇಸುಸಭೆಯ ಗುರುಗಳ ಮಾರ್ಗದರ್ಶನದಲ್ಲಿ ಧ್ಯಾನ ಮಾಡಿ, ಬೇರೆ ತೀರ್ಮಾನಕ್ಕೆ ಬಂದರು. 1563ರಲ್ಲಿ ಗುರುದೀಕ್ಷೆ ಪಡೆದರು. ಅದೇ ವರ್ಷ ಡಿಸೆಂಬರ್ 7ರಂದು, ಮಿಲಾನಿನ ಹಿಂದಿನ ಮಹಾನ್ ಧರ್ಮಾಧ್ಯಕ್ಷರಾದ ಸಂತ ಅಂಬ್ರೋಸರ ಹಬ್ಬದ ದಿನವೇ, ಧರ್ಮಾಧ್ಯಕ್ಷರಾಗಿ ಅಭಿಷಿಕ್ತರಾದರು.

ಮೊದಲು ಗುರುಗಳು ಹೇಗೆ ತಯಾರಾಗುತ್ತಿದ್ದರು?

ಅದಕ್ಕೂ ಮುಂಚೆ ಗುರುಗಳಿಗೆ ತರಬೇತಿಯೇ ಇರಲಿಲ್ಲವೇ ಅಂತ ನೀವು ಕೇಳಬಹುದು. ಇತ್ತು, ಆದರೆ ಎಲ್ಲರಿಗೂ ಇರಲಿಲ್ಲ. 1179ರಲ್ಲಿ ರೋಮಿನ ಲ್ಯಾಟರನ್‌ನಲ್ಲಿ ಸೇರಿದ ಮಹಾಸಭೆ, ಪ್ರತಿಯೊಂದು ಪ್ರಧಾನಾಲಯದಲ್ಲೂ ಪಾಠ ಹೇಳಲು ಒಬ್ಬ ಉಪಾಧ್ಯಾಯರನ್ನು ಇಡಬೇಕೆಂದು ವಿಧಿಸಿತು. 1215ರಲ್ಲಿ ಅದನ್ನೇ ಮತ್ತೆ ಹೇಳಬೇಕಾಯಿತು. ಪ್ಯಾರಿಸ್, ಬೊಲೊನ್ಯಾ ಮೊದಲಾದ ಕಡೆ ವಿಶ್ವವಿದ್ಯಾಲಯಗಳು ಬಂದವು. ಆದರೆ ಅಲ್ಲಿಗೆ ಹೋಗಿ ಓದುವ ಶಕ್ತಿ ಹಳ್ಳಿಯ ಬಡ ಹುಡುಗರಿಗೆ ಎಲ್ಲಿಂದ ಬರಬೇಕು? ಅವರು ಊರಿನ ಗುರುಗಳ ಜೊತೆ ಇದ್ದುಕೊಂಡು, ಪೀಠಸೇವೆ ಮಾಡುತ್ತಾ, ನೋಡಿ ಕಲಿತಷ್ಟು ಕಲಿಯುತ್ತಿದ್ದರು. ಕಲಿಸುವ ಗುರುಗಳು ಒಳ್ಳೆಯವರಾದರೆ ಶಿಷ್ಯರೂ ಒಳ್ಳೆಯವರಾಗುತ್ತಿದ್ದರು. ಗುರುಗಳಿಗೇ ತಿಳಿಯದಿದ್ದರೆ ಶಿಷ್ಯರಿಗೂ ತಿಳಿಯುತ್ತಿರಲಿಲ್ಲ.

ಮಿಲಾನಿನ ಸ್ಥಿತಿ ಇನ್ನೂ ಕೆಟ್ಟದಾಗಿತ್ತು. ಸುಮಾರು 80 ವರ್ಷಗಳಿಂದ ಅಲ್ಲಿನ ಮಹಾಧರ್ಮಾಧ್ಯಕ್ಷರು ಯಾರೂ ಊರಿನಲ್ಲಿ ವಾಸವೇ ಇರಲಿಲ್ಲ. ಪಾಪನಿವೇದನೆ ಕೇಳಿದ ಮೇಲೆ ಹೇಳಬೇಕಾದ ಕ್ಷಮಾಮಂತ್ರವೇ ಬಾರದ ಗುರುಗಳು ಇದ್ದರು. ಆಯುಧ ಕಟ್ಟಿಕೊಂಡು ತಿರುಗುವವರೂ ಇದ್ದರು. ಯೋಚಿಸಿ ನೋಡಿ. ಒಬ್ಬ ಬಡ ಹೆಂಗಸು ಮನಸ್ಸಿನ ಭಾರ ಇಳಿಸಿಕೊಳ್ಳಲು ದೂರದಿಂದ ನಡೆದು ಬರುತ್ತಾಳೆ. ಕೇಳಿಸಿಕೊಳ್ಳುವವರಿಗೆ ಏನು ಹೇಳಬೇಕೆಂದೇ ಗೊತ್ತಿಲ್ಲ. ಅವಳ ಗತಿ ಏನು?

ತ್ರೆಂತ್ ಮಹಾಸಭೆಯ ತೀರ್ಮಾನ

ಇದನ್ನೆಲ್ಲ ಸರಿಪಡಿಸಲು ತ್ರೆಂತ್ ಎಂಬ ಊರಿನಲ್ಲಿ ಧರ್ಮಾಧ್ಯಕ್ಷರ ಮಹಾಸಭೆ 1545ರಿಂದ ನಡುನಡುವೆ ನಿಂತು ನಿಂತು ನಡೆಯುತ್ತಿತ್ತು. 1562ರಲ್ಲಿ ಅದು ಮತ್ತೆ ಸೇರಿ 1563ರ ಡಿಸೆಂಬರಿನಲ್ಲಿ ಮುಗಿಯಿತು. ರೋಮಿನಲ್ಲಿ ಜಗದ್ಗುರುಗಳ ಬಲಗೈಯಾಗಿದ್ದು, ತ್ರೆಂತಿಗೆ ಹೋಗಿ ಬರುವ ಕಾಗದ ಪತ್ರಗಳನ್ನೆಲ್ಲ ರಾತ್ರಿ ಹಗಲು ನೋಡಿಕೊಂಡು, ಸಭೆ ಮುರಿದು ಬೀಳದಂತೆ ಕಾಪಾಡಿದವರಲ್ಲಿ ಚಾರ್ಲ್ಸರು ಮುಖ್ಯರು.

1563ರ ಜುಲೈ 15ರಂದು ಆ ಮಹಾಸಭೆ ಒಂದು ದೊಡ್ಡ ಕಟ್ಟಳೆ ಹೊರಡಿಸಿತು. ಪ್ರತಿಯೊಬ್ಬ ಧರ್ಮಾಧ್ಯಕ್ಷರೂ ತಮ್ಮ ಕ್ಷೇತ್ರದಲ್ಲಿ ಗುರುಗಳಾಗುವ ಹುಡುಗರಿಗಾಗಿ ಒಂದು ವಿದ್ಯಾಲಯ ನಡೆಸಬೇಕು. ಸೇರುವ ಹುಡುಗನಿಗೆ ಕನಿಷ್ಠ 12 ವರ್ಷ ಆಗಿರಬೇಕು, ಓದು ಬರಹ ಬರಬೇಕು. ಬಡವರ ಮಕ್ಕಳಿಗೆ ಮೊದಲ ಆದ್ಯತೆ. ಶ್ರೀಮಂತರ ಮಕ್ಕಳೂ ಬರಬಹುದು, ಆದರೆ ಖರ್ಚು ಅವರದೇ. ವ್ಯಾಕರಣ, ಸಂಗೀತ, ಹಬ್ಬದ ದಿನಗಳನ್ನು ಲೆಕ್ಕಹಾಕುವ ಕ್ರಮ, ಪವಿತ್ರ ಗ್ರಂಥ, ಸಂತರ ಪ್ರಬೋಧನೆಗಳು, ಸಂಸ್ಕಾರಗಳನ್ನು ಕೊಡುವ ವಿಧಾನ, ಇವೆಲ್ಲವನ್ನೂ ಕಲಿಸಬೇಕು. ದಿನವೂ ಬಲಿಪೂಜೆ, ತಿಂಗಳಿಗೊಮ್ಮೆಯಾದರೂ ಪಾಪನಿವೇದನೆ. ಇದರ ಖರ್ಚಿಗೆ ಧರ್ಮಸಭೆಯ ಜಮೀನು ಮಾನ್ಯಗಳ ಆದಾಯದಿಂದ ಒಂದು ಪಾಲು ತೆಗೆದುಕೊಳ್ಳಬೇಕು.

ಈ ವಿದ್ಯಾಲಯಕ್ಕೆ ಲತೀನ್ ಭಾಷೆಯಲ್ಲಿ ಇಟ್ಟ ಹೆಸರು ಸೆಮಿನಾರಿಯಂ. ಹಾಗಂದರೆ ಸಸಿಮಡಿ, ನಮ್ಮ ರೈತರು ಒಟ್ಲು ಅನ್ನುತ್ತಾರಲ್ಲ, ಅದು. ಭತ್ತವನ್ನು ಮೊದಲು ಒಂದು ಕಡೆ ಒತ್ತಾಗಿ ಚೆಲ್ಲಿ, ನೀರು ಗೊಬ್ಬರ ಕೊಟ್ಟು, ಪೈರು ಗಟ್ಟಿಯಾದ ಮೇಲೆ ಕಿತ್ತು ಗದ್ದೆಯಲ್ಲಿ ನಾಟಿ ಮಾಡುವ ಹಾಗೆ, ಹುಡುಗರನ್ನು ಒಂದು ಕಡೆ ಇಟ್ಟು ಬೆಳೆಸಿ ಆಮೇಲೆ ಊರೂರಿಗೆ ಕಳಿಸುವುದು. ಕನ್ನಡದಲ್ಲಿ ನಾವು ಇದಕ್ಕೆ ಗುರುಮಠ ಅನ್ನುತ್ತೇವೆ.

ಇಂಥ ಪ್ರಯತ್ನಗಳು ಅದಕ್ಕೂ ಮುಂಚೆ ಅಲ್ಲಲ್ಲಿ ನಡೆದಿದ್ದವು. ನಮ್ಮ ಪಕ್ಕದ ಗೋವಾದಲ್ಲಿ 1541ರಲ್ಲೇ ಈ ದೇಶದ ಹುಡುಗರಿಗಾಗಿ ಪವಿತ್ರ ವಿಶ್ವಾಸದ ಹೆಸರಿನಲ್ಲಿ ಒಂದು ವಿದ್ಯಾಲಯ ಶುರುವಾಗಿತ್ತು. 1552ರಲ್ಲಿ ಸಂತ ಇಗ್ನೇಷಿಯಸರು ಜರ್ಮನ್ ಯುವಕರಿಗಾಗಿ ರೋಮಿನಲ್ಲಿ ಒಂದನ್ನು ಸ್ಥಾಪಿಸಿದ್ದರು. ಆದರೆ ಎಲ್ಲ ಕ್ಷೇತ್ರಗಳಲ್ಲೂ ಇರಲೇಬೇಕು ಎಂಬ ನಿಯಮ ಬಂದದ್ದು ತ್ರೆಂತ್ ಮಹಾಸಭೆಯಿಂದ.

ಮಿಲಾನಿನ ಗುರುಮಠ

ಕಟ್ಟಳೆ ಬರೆಯುವುದು ಸುಲಭ, ನಡೆಸುವುದು ಕಷ್ಟ. ಎಷ್ಟೋ ಕಡೆ ಅದು ಕಾಗದದಲ್ಲೇ ಉಳಿಯಿತು. ಫ್ರಾನ್ಸ್ ದೇಶದಲ್ಲಿ ಗುರುಮಠಗಳು ಚೆನ್ನಾಗಿ ಬೇರೂರಲು ಸಂತ ವಿನ್ಸೆಂಟ್ ದ ಪಾಲ್ ಮೊದಲಾದವರ ಕಾಲದವರೆಗೆ, ಅಂದರೆ ಇನ್ನೂ ಮುಕ್ಕಾಲು ಶತಮಾನಕ್ಕಿಂತ ಹೆಚ್ಚು ಕಾಯಬೇಕಾಯಿತು. ಚಾರ್ಲ್ಸರು ಹಾಗೆ ಕಾಯಲಿಲ್ಲ. ತಾವು ಇನ್ನೂ ರೋಮಿನಲ್ಲಿ ಇರುವಾಗಲೇ ನಿಕೊಲೊ ಒರ್ಮನೇತೊ ಎಂಬ ಅನುಭವಿ ಗುರುಗಳನ್ನು ಮಿಲಾನಿಗೆ ಕಳಿಸಿ, ತ್ರೆಂತಿನ ಮಹಾಸಭೆ ಮುಗಿದ ಮರುವರ್ಷವೇ, 1564ರಲ್ಲಿ, ಅಲ್ಲಿ ಗುರುಮಠ ಶುರುಮಾಡಿಸಿದರು. ಪಾಠ ಹೇಳಲು ಯೇಸುಸಭೆಯವರು ಬಂದರು. 1565ರ ಸೆಪ್ಟೆಂಬರ್ 23ರಂದು ಚಾರ್ಲ್ಸರೇ ಮಿಲಾನ್ ಪ್ರವೇಶ ಮಾಡಿದರು. ಊರಿನಲ್ಲಿ ವಾಸವಿರುವ ಮಹಾಧರ್ಮಾಧ್ಯಕ್ಷರನ್ನು ಜನ ಬಹಳ ಕಾಲದ ಮೇಲೆ ಕಂಡರು.

ಗುರುಮಠವನ್ನು ಅವರು ಒಂದೇ ಅಳತೆಯಲ್ಲಿ ಕಟ್ಟಲಿಲ್ಲ. ಇದೇ ಅವರ ದೊಡ್ಡ ಬುದ್ಧಿವಂತಿಕೆ. ಚುರುಕಾಗಿ ಓದುವವರಿಗೆ ನಗರದಲ್ಲಿ ದೊಡ್ಡ ಗುರುಮಠ, ತತ್ವಶಾಸ್ತ್ರ ದೈವಶಾಸ್ತ್ರಗಳ ಪೂರ್ತಿ ಪಾಠ. ಓದಿನಲ್ಲಿ ನಿಧಾನ, ಆದರೆ ಗುಣದಲ್ಲಿ ಒಳ್ಳೆಯವರು ಅನ್ನುವಂಥವರಿಗೆ ಬೇರೊಂದು ಮಠ. ಅಲ್ಲಿ ಪವಿತ್ರ ಗ್ರಂಥ, ಪಾಪನಿವೇದನೆ ಕೇಳುವ ಕ್ರಮ, ಜನರಿಗೆ ಧರ್ಮೋಪದೇಶ ಮಾಡುವ ರೀತಿ, ಹೀಗೆ ಹಳ್ಳಿಯ ಗುರುಗಳಿಗೆ ದಿನನಿತ್ಯ ಬೇಕಾದ್ದನ್ನು ಕಲಿಸುತ್ತಿದ್ದರು. ಈಗಾಗಲೇ ದೀಕ್ಷೆ ಆಗಿದ್ದು ಏನೂ ಕಲಿಯದೆ ಉಳಿದುಬಿಟ್ಟ ಗುರುಗಳು ಮತ್ತೆ ಬಂದು ಕಲಿಯಲು ಇನ್ನೊಂದು ಕಡೆ. ಚಿಕ್ಕ ಹುಡುಗರಿಗೆ ಹಳ್ಳಿಗಾಡಿನಲ್ಲಿ ಸಣ್ಣ ಶಾಲೆಗಳು. ಅವರ ಕ್ಷೇತ್ರ ಸ್ವಿಟ್ಜರ್ಲೆಂಡಿನ ಬೆಟ್ಟದ ಕಣಿವೆಗಳವರೆಗೂ ಹಬ್ಬಿತ್ತು. ಆ ದೇಶದ ಯುವಕರಿಗಾಗಿ 1579ರಲ್ಲಿ ಮಿಲಾನಿನಲ್ಲೇ ಒಂದು ವಿದ್ಯಾಲಯ ತೆರೆದರು. ತಮ್ಮದೇ ಆದ ಮಾತು ತೊದಲುವ ಕಷ್ಟ ಇದ್ದವರಲ್ಲವೇ, ನಿಧಾನದವರನ್ನು ಅವರು ಕೈಬಿಡಲಿಲ್ಲ. ಅವರೂ ಬಹಳ ಕಷ್ಟಪಟ್ಟು ಅಭ್ಯಾಸ ಮಾಡಿ, ಪೀಠದ ಮುಂದೆ ನಿಂತು ಜನರಿಗೆ ಬೋಧಿಸುವುದನ್ನು ಕಲಿತರು.

ಗುರುಮಠದ ದಿನಚರಿ ಹೇಗಿರಬೇಕು, ಮೇಲ್ವಿಚಾರಕರು ಹೇಗೆ ನಡೆದುಕೊಳ್ಳಬೇಕು, ಧ್ಯಾನ ಎಷ್ಟು ಹೊತ್ತು, ಓದು ಎಷ್ಟು ಹೊತ್ತು, ಎಲ್ಲಕ್ಕೂ ಅವರು ನಿಯಮ ಬರೆಸಿದರು. ಆ ನಿಯಮಗಳು ಅಚ್ಚಾಗಿ ಯುರೋಪಿನ ಎಷ್ಟೋ ಧರ್ಮಾಧ್ಯಕ್ಷರ ಕೈ ಸೇರಿ, ಅವರೂ ಅದೇ ಮಾದರಿಯಲ್ಲಿ ಗುರುಮಠ ಕಟ್ಟಿದರು. 1578ರಲ್ಲಿ ಅವರು ಸಂತ ಅಂಬ್ರೋಸರ ಹೆಸರಿನಲ್ಲಿ ಮಿಲಾನಿನ ಗುರುಗಳದೇ ಒಂದು ಸಂಘ ಸ್ಥಾಪಿಸಿದರು. ಆಮೇಲೆ ಗುರುಮಠದ ಹೊಣೆ ಯೇಸುಸಭೆಯವರಿಂದ ಇವರಿಗೆ ಬಂತು.

ಇನ್ನೊಂದು ವಿಷಯ ನಿಮಗೆ ಆಶ್ಚರ್ಯವಾಗಬಹುದು. ಪಾಪನಿವೇದನೆಗೆ ಹೋದಾಗ ನಮಗೂ ಗುರುಗಳಿಗೂ ನಡುವೆ ಒಂದು ಜಾಲರಿ ಇರುತ್ತದಲ್ಲ, ಆ ಮರದ ಪೀಠ ಎಲ್ಲ ಕಡೆ ಬರುವಂತೆ ಮಾಡಿದವರೂ ಇವರೇ. 1577ರಲ್ಲಿ ಅವರು ದೇವಾಲಯ ಕಟ್ಟುವ ಬಗ್ಗೆ ಪ್ರಕಟಿಸಿದ ಪುಸ್ತಕದಲ್ಲಿ ಅದರ ಅಳತೆಯೂ ಇದೆ.

ವಿರೋಧ ಮತ್ತು ಗುಂಡೇಟು

ಇಷ್ಟೆಲ್ಲ ಮಾಡಿದರೆ ಎಲ್ಲರೂ ಹೊಗಳಿದರು ಅಂದುಕೊಳ್ಳಬೇಡಿ. ಗುರುಮಠದ ಖರ್ಚಿಗೆ ಆದಾಯದ ಪಾಲು ಕೊಡುವುದು ಹಲವರಿಗೆ ಹಿಡಿಸಲಿಲ್ಲ. ಚಾರ್ಲ್ಸರೂ ಬಹಳ ಕಟ್ಟುನಿಟ್ಟು, ಸಡಿಲ ಬಿಡುವವರಲ್ಲ. 1569ರಲ್ಲಿ ಸ್ಕಾಲಾ ಮಾತೆಯ ದೇವಾಲಯದ ಗುರುಗಳು ತಮ್ಮ ಮಹಾಧರ್ಮಾಧ್ಯಕ್ಷರನ್ನೇ ಒಳಗೆ ಬಿಡದೆ ಬಾಗಿಲು ಹಾಕಿದರು. ಹುಮಿಲಿಯಾತಿ ಎಂಬ ಹಳೆಯ ಸನ್ಯಾಸಿ ಸಭೆಯಲ್ಲಿ ಶಿಸ್ತು ಪೂರ್ತಿ ಹಾಳಾಗಿತ್ತು. ಅದನ್ನು ತಿದ್ದಲು ಹೋದದ್ದಕ್ಕೆ ಆ ಸಭೆಯ ಕೆಲವರು ಕೊಲೆಗೆ ಸಂಚು ಮಾಡಿದರು. 1569ರ ಅಕ್ಟೋಬರ್ 26ರ ಸಂಜೆ ಚಾರ್ಲ್ಸರು ತಮ್ಮ ಮನೆಯ ಪ್ರಾರ್ಥನಾಲಯದಲ್ಲಿ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದಾಗ ಫರೀನಾ ಎಂಬುವನು ಹಿಂದಿನಿಂದ ಗುಂಡು ಹಾರಿಸಿದ. ಗುಂಡು ಬೆನ್ನಿಗೆ ತಾಗಿತು, ಆದರೆ ಒಳಗೆ ಹೋಗಲಿಲ್ಲ. ಚಾರ್ಲ್ಸರು ಎದ್ದು ಓಡಲಿಲ್ಲ, ಪ್ರಾರ್ಥನೆ ಮುಗಿಯುವವರೆಗೆ ಅಲ್ಲೇ ಇದ್ದರು. ಕೊಲ್ಲಲು ಬಂದವರಿಗೂ ಕ್ಷಮೆ ಸಿಗಲಿ ಎಂದು ಬಯಸಿದರೂ, ಕಾನೂನು ಅಪರಾಧಿಗಳನ್ನು ಬಿಡಲಿಲ್ಲ. 1571ರಲ್ಲಿ ಆ ಸಭೆಯೇ ರದ್ದಾಯಿತು.

ಪ್ಲೇಗಿನ ಪರೀಕ್ಷೆ

1576ರಲ್ಲಿ ಮಿಲಾನಿಗೆ ಪ್ಲೇಗ್ ಮಾರಿ ಬಂತು. ಸ್ಪೇನ್ ದೊರೆಯ ಪರವಾಗಿ ಆಳುತ್ತಿದ್ದ ರಾಜ್ಯಪಾಲರು ಊರು ಬಿಟ್ಟರು, ಅನುಕೂಲಸ್ಥರು ಬಹಳ ಮಂದಿ ಅವರ ಹಿಂದೆ ಹೋದರು. ಆಗ ಚಾರ್ಲ್ಸರು ಲೋದಿ ಎಂಬ ಊರಿನಲ್ಲಿ ಇದ್ದರು. ಸುದ್ದಿ ತಿಳಿದು, ಎಲ್ಲರೂ ಹೊರಗೆ ಓಡುತ್ತಿದ್ದ ಊರಿಗೆ ಅವರು ಒಳಗೆ ಬಂದರು. ಮರಣಶಾಸನ ಬರೆದಿಟ್ಟು ಕೆಲಸಕ್ಕೆ ಇಳಿದರು.

ರೋಗಿಗಳನ್ನು ಊರ ಹೊರಗಿನ ದೊಡ್ಡ ರೋಗಿನಿವಾಸದಲ್ಲಿ ತುಂಬಿದ್ದರು. ಅಲ್ಲಿಗೆ ಹೋಗಿ ಸಂಸ್ಕಾರ ಕೊಡಲು ಗುರುಗಳು ಬೇಕು. ಮೊದಲು ಕೆಲವರು ಹಿಂಜರಿದರು. ಸಾವಿನ ಭಯ ಯಾರಿಗಿಲ್ಲ? ಚಾರ್ಲ್ಸರು ಯಾರನ್ನೂ ಬೈದು ಕಳಿಸಲಿಲ್ಲ, ತಾವೇ ಮುಂದೆ ಹೋದರು. ಆಮೇಲೆ ಒಬ್ಬೊಬ್ಬರಾಗಿ ಗುರುಗಳು ಬಂದರು, ಕಪುಚಿನ್ ಸನ್ಯಾಸಿಗಳು ಬಂದರು. ಮನೆಯ ಬೆಳ್ಳಿ ಪಾತ್ರೆಗಳನ್ನು ಕರಗಿಸಿ ಮಾರಿದರು. ಅರಮನೆಯ ಪರದೆಗಳನ್ನು ಕತ್ತರಿಸಿ ಬಡವರಿಗೆ ಬಟ್ಟೆ ಹೊಲಿಸಿದರು. ಜನ ಮನೆಯಿಂದ ಹೊರಗೆ ಬರುವಂತಿಲ್ಲವಾದ್ದರಿಂದ ಬೀದಿಗಳು ಕೂಡುವ ಕಡೆ ಪೀಠ ಕಟ್ಟಿಸಿ, ಕಿಟಕಿಯಿಂದಲೇ ಪೂಜೆ ಕಾಣುವಂತೆ ಮಾಡಿದರು. ಬರಿಗಾಲಿನಲ್ಲಿ, ಕುತ್ತಿಗೆಗೆ ಹಗ್ಗ ಕಟ್ಟಿಕೊಂಡು, ಶಿಲುಬೆ ಹೊತ್ತು ಮೆರವಣಿಗೆಯಲ್ಲಿ ನಡೆದರು. ನಮ್ಮ ಕಾಲದಲ್ಲೂ 2020ರಲ್ಲಿ ಕೊರೋನಾ ಬಂದು ದೇವಾಲಯಗಳ ಬಾಗಿಲು ಹಾಕಿದ್ದನ್ನು ಕಂಡವರಿಗೆ ಇದರ ಅರ್ಥ ಬೇಗ ಆಗುತ್ತದೆ.

ಗುರುಮಠದ ತರಬೇತಿ ಯಾತಕ್ಕೆ ಅನ್ನುವುದು ಇಲ್ಲಿ ಗೊತ್ತಾಗುತ್ತದೆ. ಲತೀನ್ ವ್ಯಾಕರಣ, ಸಂಗೀತ, ಶಾಸ್ತ್ರ ಎಲ್ಲವೂ ಬೇಕು. ಆದರೆ ಎಲ್ಲರೂ ಓಡುವಾಗ ಕುರಿಗಳ ಜೊತೆ ನಿಲ್ಲುವ ಕುರುಬನನ್ನು ತಯಾರು ಮಾಡುವುದೇ ಅದರ ಉದ್ದೇಶ. ಇದನ್ನು ಪುಸ್ತಕದಿಂದ ಮಾತ್ರ ಕಲಿಸಲು ಆಗುವುದಿಲ್ಲ. ಯಾರಾದರೂ ನಿಂತು ತೋರಿಸಬೇಕು.

1580ರಲ್ಲಿ ಚಾರ್ಲ್ಸರು ಕಾಸ್ತಿಲ್ಯೋನೆ ಎಂಬ ಊರಿಗೆ ಹೋದಾಗ 12 ವರ್ಷದ ಒಬ್ಬ ಹುಡುಗನಿಗೆ ಪ್ರಥಮ ಪರಮಪ್ರಸಾದ ಕೊಟ್ಟರು. ಆ ಹುಡುಗನೇ ಮುಂದೆ ಸಂತ ಅಲೋಶಿಯಸ್ ಗೊನ್ಜಾಗಾ. ಅವರು ಯೇಸುಸಭೆ ಸೇರಿ, ರೋಮಿನಲ್ಲಿ ಇನ್ನೂ ಓದುತ್ತಿದ್ದಾಗಲೇ ಪ್ಲೇಗ್ ರೋಗಿಗಳ ಸೇವೆ ಮಾಡಿ 1591ರಲ್ಲಿ 23ನೇ ವಯಸ್ಸಿಗೆ ಪ್ರಾಣಕೊಟ್ಟರು. ಮಂಗಳೂರಿನ ಪ್ರಸಿದ್ಧ ವಿದ್ಯಾಸಂಸ್ಥೆಗೆ ಇರುವುದು ಇವರದೇ ಹೆಸರು.

ಬೆಟ್ಟದ ಯಾತ್ರೆ ಮತ್ತು ಮರಣ

1584ರ ಅಕ್ಟೋಬರಿನಲ್ಲಿ ಚಾರ್ಲ್ಸರು ವರಾಲ್ಲೊ ಎಂಬ ಊರಿನ ಪವಿತ್ರ ಬೆಟ್ಟಕ್ಕೆ ಯಾತ್ರೆ ಹೋದರು. ಅಲ್ಲಿ ಯೇಸುಸ್ವಾಮಿಯ ಜೀವನದ ದೃಶ್ಯಗಳನ್ನು ಗೊಂಬೆಗಳಲ್ಲಿ ತೋರಿಸುವ ಚಿಕ್ಕ ಚಿಕ್ಕ ಗುಡಿಗಳು ಬೆಟ್ಟದ ಮೇಲೆ ಉದ್ದಕ್ಕೂ ಇವೆ. ಒಂದೊಂದು ಗುಡಿಯ ಮುಂದೆಯೂ ಗಂಟೆಗಟ್ಟಲೆ ಕೂತು ಧ್ಯಾನ ಮಾಡಿದರು. ಅಲ್ಲಿಯೇ ಜ್ವರ ಹಿಡಿಯಿತು. ವಿಶ್ರಾಂತಿ ತೆಗೆದುಕೊಳ್ಳುವ ಬದಲು, ಸರೋವರದ ಮೇಲೆ ದೋಣಿಯಲ್ಲಿ ಅಸ್ಕೋನಾ ಎಂಬ ಊರಿಗೆ ಹೋದರು. ಯಾಕೆಂದರೆ ಅಲ್ಲಿ ಹುಡುಗರಿಗಾಗಿ ಒಂದು ಹೊಸ ವಿದ್ಯಾಲಯ ತೆರೆಯುವುದು ಬಾಕಿ ಇತ್ತು. ಜ್ವರದಲ್ಲೇ ಆ ಕೆಲಸ ಮುಗಿಸಿದರು. ನವೆಂಬರ್ 1, ಸಕಲ ಸಂತರ ಹಬ್ಬದಂದು ಹುಟ್ಟೂರು ಅರೋನಾದಲ್ಲಿ ಪೂಜೆ ಒಪ್ಪಿಸಿದರು. ಮರುದಿನ ಮಿಲಾನ್ ತಲುಪಿದರು. ನವೆಂಬರ್ 3ರ ರಾತ್ರಿ ದೇವರ ಪಾದ ಸೇರಿದರು. ಆಗ ಅವರಿಗೆ 46 ವರ್ಷ ಮಾತ್ರ.

1610ರ ನವೆಂಬರ್ 1ರಂದು ಜಗದ್ಗುರು ಐದನೇ ಪೌಲರು ಅವರನ್ನು ಸಂತರೆಂದು ಘೋಷಿಸಿದರು. ಅವರ ಪಾರ್ಥಿವ ಶರೀರ ಮಿಲಾನಿನ ಪ್ರಧಾನಾಲಯದಲ್ಲಿದೆ. ಅರೋನಾದಲ್ಲಿ 1698ರಲ್ಲಿ ಮುಗಿದ ಅವರ ತಾಮ್ರದ ದೊಡ್ಡ ಪ್ರತಿಮೆ ಇದೆ. ಅದರ ಒಳಗೆ ಹತ್ತಿ ಹೋಗಿ ಪ್ರತಿಮೆಯ ಕಣ್ಣುಗಳಿಂದ ಸರೋವರ ನೋಡಬಹುದು. ಹಬ್ಬ ನವೆಂಬರ್ 4. ಗುರುಮಠದ ವಿದ್ಯಾರ್ಥಿಗಳಿಗೂ ಧರ್ಮೋಪದೇಶಕರಿಗೂ ಅವರು ಪೋಷಕ ಸಂತರು.

ನಮ್ಮ ನಾಡಿನಲ್ಲಿ

ಅವರು ನೀರೆರೆದ ಸಸಿ ನಮ್ಮ ಕಡೆಗೂ ಬಂತು. 1778ರಲ್ಲಿ ಫ್ರೆಂಚ್ ಗುರುಗಳು ಪಾಂಡಿಚೇರಿಯಲ್ಲಿ ಶುರುಮಾಡಿದ ಗುರುಮಠ 1934ರಲ್ಲಿ ಬೆಂಗಳೂರಿನ ಮಲ್ಲೇಶ್ವರಕ್ಕೆ ಬಂತು. ಅದೇ ಸಂತ ಪೇತ್ರರ ಗುರುಮಠ. ಮಂಗಳೂರಿನಲ್ಲಿ ಇಟಲಿಯಿಂದ ಬಂದ ಯೇಸುಸಭೆಯವರು 1879ರಲ್ಲಿ ಸಂತ ಜೋಸೆಫರ ಗುರುಮಠ ಸ್ಥಾಪಿಸಿದರು. 1965ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಗುರುಮಠಗಳು ಬೇಕೇ ಬೇಕು ಎಂದು ಮತ್ತೆ ಸಾರಿ, ಪಾಠಕ್ರಮವನ್ನು ಹೊಸ ಕಾಲಕ್ಕೆ ತಕ್ಕಂತೆ ತಿದ್ದಲು ಹೇಳಿತು. ಈಗ ನಮ್ಮಲ್ಲಿ ಪಿ.ಯು.ಸಿ. ಆದ ಹುಡುಗ ಗುರುಗಳಾಗಲು ತತ್ವಶಾಸ್ತ್ರ, ದೈವಶಾಸ್ತ್ರ, ಧರ್ಮಕೇಂದ್ರಗಳಲ್ಲಿ ಸೇವೆಯ ಅನುಭವ ಎಲ್ಲ ಸೇರಿ ಹೆಚ್ಚುಕಡಿಮೆ ಹತ್ತು ವರ್ಷ ಹಿಡಿಯುತ್ತದೆ. ಅಷ್ಟು ವರ್ಷ ಯಾಕೆ ಅಂತ ಕೆಲವು ತಂದೆತಾಯಿಯರು ಕೇಳುತ್ತಾರೆ. ಪೈರು ಗಟ್ಟಿಯಾಗುವ ಮೊದಲೇ ಕಿತ್ತು ನೆಟ್ಟರೆ ಬಿಸಿಲಿಗೆ ಬಾಡುತ್ತದೆ, ಅಷ್ಟೇ ಉತ್ತರ.

ಭಕ್ತಾದಿಗಳೇ, ಸಸಿಮಡಿಗೆ ಬೀಜ ಬರುವುದು ನಮ್ಮ ನಿಮ್ಮ ಮನೆಗಳಿಂದಲೇ. ಮನೆಯಲ್ಲಿ ಸಂಜೆಯ ಜಪಸರ, ತಂದೆತಾಯಿಯ ಒಳ್ಳೆಯ ನಡತೆ, ಬಡವರ ಬಗ್ಗೆ ಕನಿಕರ, ಇವುಗಳಿಂದ ಆ ಬೀಜ ಮೊಳೆಯುತ್ತದೆ. ಬೆಟ್ಟ ಇಳಿಯುವ ಮೊದಲು ಗುರುಮಠಗಳಲ್ಲಿ ಓದುತ್ತಿರುವ ಮಕ್ಕಳಿಗಾಗಿ, ಅವರನ್ನು ಕಳಿಸಿಕೊಟ್ಟ ತಾಯಂದಿರಿಗಾಗಿ, ನಿಮ್ಮ ಊರಿನ ಗುರುಗಳಿಗಾಗಿ ಒಂದು ಪ್ರಾರ್ಥನೆ ಹೇಳಿ. ಸಂತ ಚಾರ್ಲ್ಸ್ ಬೊರೋಮಿಯೊ ಅವರ ಬಿನ್ನಹದ ಮೂಲಕ, ಕಷ್ಟಕಾಲದಲ್ಲಿ ನಮ್ಮನ್ನು ಬಿಟ್ಟು ಹೋಗದ ಗುರುಗಳನ್ನು ದೇವರು ನಮಗೆ ಯಾವಾಗಲೂ ಕೊಡಲಿ. ಆಮೆನ್.